ಅಟ್ಟ ಸೇರಿದ ಕಮಾನುಗಳು

ಪಿಟೀಲು ಕೆಟ್ಟರೆ ರಿಪೇರಿಗೆ ಹೋಗುತ್ತದೆ, ಕಮಾನು ಕೆಟ್ಟರೆ ಅಟ್ಟಕ್ಕೆ ಹೋಗುತ್ತದೆ. ನಮ್ಮ ಕಡೆಯ ಸಂಗೀತದ ಮನೆಗಳಲ್ಲಿ ಇದು ಬಹಳ ಕಾಲದಿಂದ ನಡೆದುಬಂದ ರೂಢಿ. ಅರಸೀಕೆರೆ, ಹಳೇಬೀಡು, ಬೇಲೂರು ಸುತ್ತಮುತ್ತ ಯಾರಾದರೂ ಕಮಾನಿಗೆ ಹೊಸ ಕೂದಲು ಹಾಕಿಸಬೇಕೆಂದರೆ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು. ಅಲ್ಲಿ ಕೊಟ್ಟು, ಕಾದು, ಮತ್ತೆ ಹೋಗಿ ತರಬೇಕು. ಅಷ್ಟು ಓಡಾಟದ ಬದಲು ಅಂಗಡಿಯಲ್ಲಿ ಹೊಸದೊಂದನ್ನು ಕೊಂಡುಬಿಡುವುದೇ ಸುಲಭ ಎಂದು ತಂದೆತಾಯಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಹಾಗೆ ಮೂಲೆ ಸೇರಿದ ಕಮಾನುಗಳಲ್ಲಿ ಬಹುಪಾಲು ಮತ್ತೆ ನುಡಿಸಬಹುದಾದವು, ಮತ್ತು ಅದಕ್ಕೆ ಬೇಕಾದ ಕೈಗಳು ಕರ್ನಾಟಕದಲ್ಲೇ ಇವೆ ಎಂಬುದು ನನ್ನ ದೃಢವಾದ ನಂಬಿಕೆ. ಈ ಕೆಲಸ ಎಷ್ಟು ಬಗೆಯದು, ಯಾವುದು ಇಲ್ಲಿ ಸಾಧ್ಯ, ಯಾವುದಕ್ಕೆ ಏನು ಅಡ್ಡಿ ಎಂಬುದನ್ನು ಒಮ್ಮೆ ಪೂರ್ತಿಯಾಗಿ ನೋಡುವುದು ಈ ಲೇಖನದ ಉದ್ದೇಶ.

ಕಮಾನನ್ನು ಕೋಲು ಎಂದು ಎಣಿಸುವುದರಿಂದಲೇ ಅದರ ಅನಾದರ ಶುರುವಾಗುತ್ತದೆ. ಪಿಟೀಲಿನ ಕಮಾನು ಸುಮಾರು 74 ಸೆಂಟಿಮೀಟರ್ ಉದ್ದ, 60 ಗ್ರಾಂ ಆಸುಪಾಸಿನ ತೂಕ. ಒಂದು ತುದಿಯಲ್ಲಿ ಕೊಕ್ಕಿನಂತೆ ಕಡೆದ ತಲೆ, ಇನ್ನೊಂದು ತುದಿಯಲ್ಲಿ ಹಿಂದೆ ಮುಂದೆ ಜರುಗುವ ಕರಿಮರದ ತುಂಡು. ನಮ್ಮ ವಿದ್ವಾಂಸರೂ ಅದನ್ನು ಫ್ರಾಗ್ ಎಂದೇ ಕರೆಯುತ್ತಾರೆ. ಫ್ರಾಗಿನ ಒಳಗೆ ಹಿತ್ತಾಳೆಯ ಪುಟ್ಟ ಕಣ್ಣು, ಕೋಲಿನ ಬುಡದಿಂದ ಆ ಕಣ್ಣಿಗೆ ಸೇರುವ ಉಕ್ಕಿನ ಸ್ಕ್ರೂ. ಎರಡರ ನಡುವೆ 150ರಿಂದ 200 ಎಳೆ ಕುದುರೆ ಬಾಲದ ಕೂದಲು. ಕೋಲು ಕೂದಲಿನ ಕಡೆಗೆ ಒಳಬಾಗಿರಬೇಕು. ಆ ಬಾಗೇ ಕಮಾನಿನ ಜೀವ. ಚೌಕಕಾಲದ ಒಂದೇ ಎಳೆತದಲ್ಲಿ ಒಂದು ಇಡೀ ಗಮಕವನ್ನು ಹಿಡಿದು ನಿಲ್ಲಿಸಬೇಕಾದಾಗ ಬೆರಳಿನ ಒತ್ತಡವನ್ನು ತಂತಿಗೆ ಒಪ್ಪಿಸುವುದು ಅದೇ. ತಂತಿ ಬದಲಿಸಿದರೆ ನಾದ ಸ್ವಲ್ಪ ಬದಲಾಗುತ್ತದೆ, ಕಮಾನು ಬದಲಿಸಿದರೆ ನುಡಿಸುವವನ ಕೈಯೇ ಬದಲಾಗುತ್ತದೆ.

ಈ ರೂಪಕ್ಕೆ ಕಮಾನು ಬಂದದ್ದು ಪ್ಯಾರಿಸ್ಸಿನಲ್ಲಿ, 1780ರ ದಶಕದ ಹೊತ್ತಿಗೆ. ಫ್ರಾಂಸ್ವಾ ಗ್ಸಾವಿಯೇ ತೂರ್ತ್ (1747–1835) ಮೊದಲು ಗಡಿಯಾರದ ಕೆಲಸ ಕಲಿತವನು. ವಿಯೋಟ್ಟಿ ಎಂಬ ಇಟಲಿಯ ಪಿಟೀಲುವಾದಕನ ಒಡನಾಟದಲ್ಲಿ ಕಮಾನಿನ ಉದ್ದ, ಬಾಗು, ತಲೆಯ ಎತ್ತರ, ಕೂದಲಿನ ಅಗಲವನ್ನು ಆತ ಗಟ್ಟಿಮಾಡಿದ. ಬ್ರೆಜಿಲ್ಲಿನ ಪೆರ್ನಾಂಬುಕೋ ಮರವನ್ನು ಕಮಾನಿನ ಮರವಾಗಿ ನೆಲೆಗೊಳಿಸಿದ. ನಮ್ಮ ಸಂಗೀತಕ್ಕೆ ಪಿಟೀಲನ್ನು ತಂದ ಬಾಲುಸ್ವಾಮಿ ದೀಕ್ಷಿತರು ಹುಟ್ಟಿದ್ದು 1786ರಲ್ಲಿ. ಹಾಗಾಗಿ ಕರ್ನಾಟಕ ಸಂಗೀತದ ಪಿಟೀಲು ಬೆಳೆದದ್ದೆಲ್ಲ ಹೆಚ್ಚುಕಡಿಮೆ ತೂರ್ತನ ಮಾದರಿಯ ಕಮಾನಿನ ಜೊತೆಯಲ್ಲೇ. ಕುಳಿತ ಭಂಗಿ, ಶ್ರುತಿ, ಬೆರಳಿನ ಜಾರು, ಎಲ್ಲವನ್ನೂ ನಾವು ಬದಲಿಸಿಕೊಂಡೆವು. ಕಮಾನನ್ನು ಮಾತ್ರ ಮುಟ್ಟಲಿಲ್ಲ.

ಕಮಾನು ಎಳೆದು ನುಡಿಸುವ ವಾದ್ಯ ಇಲ್ಲಿಗೆ ಹೊಸತೇನೂ ಆಗಿರಲಿಲ್ಲ. ಹೊಯ್ಸಳರ ಎದುರಾಳಿಯಾಗಿದ್ದ ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ಪಿನಾಕೀ ವೀಣೆಯನ್ನು ಕಮಾನಿನಿಂದ ನುಡಿಸುವ ವಾದ್ಯವಾಗಿ ವಿವರಿಸಿದ್ದಾನೆ. ಅರಸೀಕೆರೆಯ ಶಿವಾಲಯ ಎದ್ದದ್ದು 1220ರ ಸುಮಾರಿಗೆ, ಅಂದರೆ ಅದೇ ಕಾಲ. ಧಾರವಾಡದ ಕಡೆ ಹಿಂದೂಸ್ತಾನಿ ಗಾಯನಕ್ಕೆ ಜೊತೆಯಾದ ಸಾರಂಗಿಯ ಕಮಾನು ಇನ್ನೊಂದು ಬಗೆಯದು. ಅದಕ್ಕೆ ಸ್ಕ್ರೂ ಇಲ್ಲ, ಕೋಲು ದಪ್ಪ, ಕೈ ಕೆಳಗಿನಿಂದ ಹಿಡಿಯುತ್ತದೆ. ಅದರ ರಿಪೇರಿ ಸರಳ, ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಹಾಸನ ಜಿಲ್ಲೆಗೂ ಪಿಟೀಲಿಗೂ ಇರುವ ನಂಟು ಸಣ್ಣದಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ರುದ್ರಪಟ್ಟಣ ಹಾಡುಗಾರರ ಊರೆಂದು ಹೆಸರಾದದ್ದು ಆರ್.ಕೆ. ಶ್ರೀಕಂಠನ್ ಅವರಂಥವರಿಂದ. ಅವರ ಸೋದರ ಆರ್.ಕೆ. ವೆಂಕಟರಾಮಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಏಳು ತಂತಿಯ ಪಿಟೀಲು ನುಡಿಸುತ್ತಿದ್ದ ಆರ್.ಆರ್. ಕೇಶವಮೂರ್ತಿಗಳ ಹೆಸರಿನ ಮೊದಲಕ್ಷರದಲ್ಲಿರುವುದೂ ರುದ್ರಪಟ್ಟಣವೇ. ಆ ಏಳು ತಂತಿಯನ್ನು ತಂದವರು ತಿರುಮಕೂಡಲಿನ ಟಿ. ಚೌಡಯ್ಯ (1895–1967). ಮೈಕು ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಬೇಕೆಂದು ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದರು. ಇದನ್ನು ಎಲ್ಲರೂ ಹೇಳುತ್ತಾರೆ. ಜೋಡಿ ತಂತಿಗಳನ್ನು ಒಟ್ಟಿಗೆ ನುಡಿಸುವಾಗ ಕಮಾನಿನ ಮೇಲೆ ಬೀಳುವ ಭಾರವನ್ನು ಮಾತ್ರ ಯಾರೂ ಹೇಳುವುದಿಲ್ಲ. ಎರಡು ತಂತಿಯನ್ನು ಸಮನಾಗಿ ಹಿಡಿಯಲು ಕೂದಲು ತುಂಬಾ ಇರಬೇಕು, ಚಪ್ಪಟೆಯಾಗಿ ಹರಡಿರಬೇಕು, ಕೋಲು ಮಣಿಯದೆ ನಿಲ್ಲಬೇಕು. ಬೆಂಗಳೂರಿನಲ್ಲಿ 1980ರಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿದೆ, ಅದರಲ್ಲಿ ಕಮಾನೂ ಸೇರಿದೆ. ಕಟ್ಟಡದಲ್ಲಿ ಕೊಟ್ಟ ಆ ಸ್ಥಾನವನ್ನು ನಾವು ಕೆಲಸದಲ್ಲಿ ಕೊಟ್ಟಿಲ್ಲ.

ಈಗ ಕಮಾನು ಕೆಡುವುದು ಹೇಗೆ ಎಂಬ ಮಾತು. ಇದಕ್ಕೆ ಅರಸೀಕೆರೆ, ಹಳೇಬೀಡು, ಬೇಲೂರುಗಳಿಗಿಂತ ಒಳ್ಳೆಯ ಪಾಠಶಾಲೆ ಬೇಡ. ಅರಸೀಕೆರೆ ಬಯಲುಸೀಮೆ. ತೆಂಗಿನ ತೋಟ, ಕೆಂಪು ಮಣ್ಣು, ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಒಣಗಾಳಿ. ಹಳೇಬೀಡಿನ ಮೇಲೆ ಹಾದು ಬೇಲೂರು ಮುಟ್ಟುವ ಹೊತ್ತಿಗೆ ಮಲೆನಾಡಿನ ಸೆರಗು ಸಿಗುತ್ತದೆ. ಕಾಫಿ ತೋಟ ಶುರುವಾಗುತ್ತದೆ, ಜುಲೈಯಲ್ಲಿ ಬಟ್ಟೆ ಒಣಗುವುದಿಲ್ಲ. ಕುದುರೆ ಕೂದಲು ತೇವ ಹೀರಿದರೆ ಉದ್ದವಾಗುತ್ತದೆ, ಒಣಗಿದರೆ ಮೋಟಾಗುತ್ತದೆ. ಬೇಲೂರಿನ ಮಳೆಗಾಲದಲ್ಲಿ ಸ್ಕ್ರೂ ಎಷ್ಟು ತಿರುಗಿಸಿದರೂ ಕೂದಲು ಬಿಗಿಯಾಗದೆ ಫ್ರಾಗ್ ಹಿಂದೆ ಹಿಂದೆ ಜರುಗಿ ಕೊನೆಗೆ ನಿಲ್ಲುತ್ತದೆ. ಹುಡುಗ ಇನ್ನಷ್ಟು ಬಲ ಹಾಕುತ್ತಾನೆ. ಒಳಗಿನ ಹಿತ್ತಾಳೆ ಕಣ್ಣಿನ ಎಳೆಗಳು ಸವೆದು ಸ್ಕ್ರೂ ಸುಮ್ಮನೆ ಸುತ್ತತೊಡಗುತ್ತದೆ. ಅದೇ ಕಮಾನನ್ನು ಮಳೆಗಾಲದಲ್ಲಿ ಬಿಗಿದು ಹಾಗೇ ಪೆಟ್ಟಿಗೆಯಲ್ಲಿಟ್ಟು ಬೇಸಿಗೆಯಲ್ಲಿ ಅರಸೀಕೆರೆಗೆ ಒಯ್ದರೆ ಇನ್ನೂ ಅಪಾಯ. ಕೂದಲು ಕುಗ್ಗಿ ತಲೆಯನ್ನು ಎಳೆಯುತ್ತಾ ಇರುತ್ತದೆ, ರಾತ್ರಿಯೆಲ್ಲ ಎಳೆಯುತ್ತದೆ. ಒಂದೋ ಕೋಲಿನ ಬಾಗು ನೇರವಾಗುತ್ತದೆ, ಇಲ್ಲವೇ ತಲೆ ಸೀಳುತ್ತದೆ. ಬೀಳಿಸಿದ್ದೇ ಇಲ್ಲ, ಪೆಟ್ಟಿಗೆ ತೆರೆದಾಗ ಮುರಿದಿತ್ತು ಎಂದು ಮಕ್ಕಳು ಹೇಳಿದರೆ ಬೈಯಬೇಡಿ, ಅದು ನಿಜವಿರಬಹುದು.

ಇನ್ನೊಂದು ಕೇಡು ಕಣ್ಣಿಗೆ ಬೀಳುವುದಿಲ್ಲ. ತಿಂಗಳುಗಟ್ಟಲೆ ಮುಚ್ಚಿಟ್ಟ ಪೆಟ್ಟಿಗೆ ತೆರೆದಾಗ ಅರ್ಧ ಕೂದಲು ತುಂಡಾಗಿ ಜೋತಾಡುತ್ತಿದ್ದರೆ ಅದು ಇಲಿಯ ಕೆಲಸವಲ್ಲ. ಉಣ್ಣೆ, ಗರಿ, ಕೂದಲು ತಿಂದು ಬದುಕುವ ಪುಟ್ಟ ದುಂಬಿಯ ಮರಿಹುಳುಗಳು ಕತ್ತಲೆಯ ಮಖಮಲ್ಲು ಪೆಟ್ಟಿಗೆಯಲ್ಲಿ ಮನೆ ಮಾಡುತ್ತವೆ. ಹೊಸ ಕೂದಲು ಹಾಕಿಸಿ ಅದೇ ಪೆಟ್ಟಿಗೆಗೆ ಇಟ್ಟರೆ ಅದನ್ನೂ ತಿನ್ನುತ್ತವೆ. ಪೆಟ್ಟಿಗೆಯ ಮೂಲೆ ಮೂಲೆ ಗುಡಿಸಿ, ಬಿಸಿಲಿಗೆ ತೆರೆದಿಟ್ಟು, ಆಮೇಲೆ ಕಮಾನು ಇಡಬೇಕು. ದಿನವೂ ನುಡಿಸುವವರ ಪೆಟ್ಟಿಗೆಗೆ ಈ ಹುಳ ಬರುವುದು ಅಪರೂಪ.

ರಿಪೇರಿಗಳಲ್ಲಿ ಮೊದಲನೆಯದು ಮತ್ತು ನಿತ್ಯದ್ದು ಕೂದಲು ಬದಲಿಸುವುದು. ಕಲಿಯುವ ಮಗುವಿಗೆ ವರ್ಷಕ್ಕೊಮ್ಮೆಯಾದರೂ, ಕಛೇರಿ ಮಾಡುವವರಿಗೆ ಕೆಲವು ತಿಂಗಳಿಗೊಮ್ಮೆ ಇದು ಬೇಕು. ಕೂದಲು ಎರಡೂ ಬದಿಯಲ್ಲಿ ಸಮನಾಗಿ ಸವೆಯುವುದಿಲ್ಲ. ನುಡಿಸುವ ಬದಿಯ ಎಳೆಗಳು ಮೊದಲು ಹೋಗುತ್ತವೆ, ಉಳಿದವು ಕೋಲನ್ನು ಒಂದು ಪಕ್ಕಕ್ಕೆ ಎಳೆಯುತ್ತವೆ, ಕೋಲು ಸೊಟ್ಟಗಾಗುತ್ತದೆ. ಹಾಗಾಗಿ ‘ಇನ್ನೂ ಕೂದಲಿದೆಯಲ್ಲ’ ಎಂದು ಮುಂದೂಡುವುದು ಕೋಲಿಗೇ ನಷ್ಟ.

ಈ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದರ ಮೇಲೆ ಗೌರವ ಬರುತ್ತದೆ. ತಲೆಯಲ್ಲಿ ಒಂದು ಪುಟ್ಟ ಗುಳಿ, ಫ್ರಾಗಿನಲ್ಲಿ ಇನ್ನೊಂದು. ಹಳೆಯ ಕೂದಲು ಕತ್ತರಿಸಿ, ಎರಡೂ ಗುಳಿಯಲ್ಲಿರುವ ಮರದ ಬೆಣೆಗಳನ್ನು ಗೋಡೆ ಸೀಳದಂತೆ ಕೀಳಬೇಕು. ಹೊಸ ಕೂದಲಿನ ಕಟ್ಟನ್ನು ಒಂದು ತುದಿಯಲ್ಲಿ ದಾರದಿಂದ ಬಿಗಿದು, ತುದಿಗೆ ರಾಳದ ಪುಡಿ ಮುಟ್ಟಿಸಿ, ದೀಪದ ಉರಿಗೆ ಹಿಡಿಯುತ್ತಾರೆ. ಕೂದಲಿನ ಕೊನೆ ಸುಟ್ಟು ಗುಂಡಗೆ ಉಬ್ಬುತ್ತದೆ, ಗಂಟು ಇನ್ನು ಜಾರುವುದಿಲ್ಲ. ಆ ಗಂಟನ್ನು ತಲೆಯ ಗುಳಿಯಲ್ಲಿ ಕೂರಿಸಿ ಬೆಣೆ ಒತ್ತಬೇಕು. ಬೆಣೆ ಪ್ರತಿ ಕಮಾನಿಗೂ ಹೊಸದಾಗಿ ಚಾಕುವಿನಲ್ಲಿ ಕೆತ್ತಿದ್ದಾಗಿರಬೇಕು. ಒಂದು ಕೂದಲೆಳೆ ದಪ್ಪವಾದರೂ ತಲೆ ಬಿರಿಯುತ್ತದೆ, ಒಂದು ಎಳೆ ತೆಳುವಾದರೂ ಕಛೇರಿಯ ನಡುವೆ ಹಾರಿಬರುತ್ತದೆ. ಆಮೇಲೆ ಕೂದಲನ್ನು ಒದ್ದೆ ಮಾಡಿ ಬಾಚುವುದು. ಒಂದರ ಮೇಲೊಂದು ಏರದೆ ಎಲ್ಲ ಎಳೆಗಳೂ ಸಮಾನಾಂತರವಾಗುವವರೆಗೆ ಬಾಚಿ, ಇನ್ನೊಂದು ತುದಿ ಕಟ್ಟಿ, ಫ್ರಾಗಿನಲ್ಲಿ ಬೆಣೆ, ಅದರ ಮೇಲೆ ಬೆಳ್ಳಿ ಪಟ್ಟಿ, ಪಟ್ಟಿಯೊಳಗೆ ಕೂದಲನ್ನು ರಿಬ್ಬನ್ನಿನಂತೆ ಹರಡುವ ತೆಳುವಾದ ಕೊನೆಯ ಬೆಣೆ. ಉದ್ದದ ಲೆಕ್ಕ ಇಲ್ಲಿಯೇ ಇದೆ. ಬೇಲೂರಿನಲ್ಲಿ ನುಡಿಸುವ ಕಮಾನಿಗೆ ಕೂದಲು ಒಂದಿಷ್ಟು ಮೋಟಾಗಿ, ಅರಸೀಕೆರೆಯಲ್ಲಿ ನುಡಿಸುವುದಕ್ಕೆ ಒಂದಿಷ್ಟು ಸಡಿಲಾಗಿ ಕಟ್ಟಬೇಕು. ದೂರದ ಊರಿನ ಅಂಗಡಿಯವರಿಗೆ ಈ ವ್ಯತ್ಯಾಸ ಹೇಳುವವರು ಯಾರು? ರಿಪೇರಿ ಮಾಡುವವರು ಊರಿಗೆ ಹತ್ತಿರ ಇರಬೇಕು ಎಂದು ನಾನು ಹೇಳುವುದಕ್ಕೆ ರೈಲು ಖರ್ಚಿಗಿಂತ ದೊಡ್ಡ ಕಾರಣ ಇದು.

ಬೆಣೆಗೆ ಅಂಟು ಹಾಕಬಾರದು. ಇದನ್ನು ಗೆರೆ ಎಳೆದು ಹೇಳಬೇಕಾಗಿದೆ, ಏಕೆಂದರೆ ಅರೆಬರೆ ಕಲಿತವರು ಕ್ಷಣದಲ್ಲಿ ಕಚ್ಚುವ ಅಂಟನ್ನು ಗುಳಿಗೆ ಸುರಿದುಬಿಡುತ್ತಾರೆ. ಆ ಹೊತ್ತಿಗೆ ಕೂದಲು ಗಟ್ಟಿ ನಿಲ್ಲುತ್ತದೆ. ಮುಂದಿನ ಸಲ ಬೆಣೆ ಕೀಳುವಾಗ ತಲೆಯೇ ಕಿತ್ತು ಬರುತ್ತದೆ. ಮತ್ತೆ ಬಿಚ್ಚಲು ಬರುವಂತೆ ಕಟ್ಟುವುದು ಈ ವಿದ್ಯೆಯ ಮೊದಲ ಶಿಸ್ತು.

ಎರಡನೆಯ ಬಗೆ ಕೋಲಿನ ಬಾಗು ಸರಿಪಡಿಸುವುದು. ಒಣ ಶಾಖ ಕೊಟ್ಟು ಮರವನ್ನು ಮೆದುವಾಗಿಸಿ, ಸ್ವಲ್ಪ ಸ್ವಲ್ಪವೇ ಬಾಗಿಸಿ, ತಣಿಯುವವರೆಗೆ ಕೈಯಲ್ಲೇ ಹಿಡಿದುಕೊಳ್ಳಬೇಕು. ಉರಿ ಹೆಚ್ಚಾದರೆ ಮರ ಕಪ್ಪಾಗುತ್ತದೆ, ಕಡಿಮೆಯಾದರೆ ಒಳಗಿನ ನಾರು ಮುರಿಯುತ್ತದೆ. ಇದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ಮೂರನೆಯದು ಮುರಿದ ತಲೆ. ತಲೆಯ ಕುತ್ತಿಗೆಯಲ್ಲಿ ಮರದ ನಾರು ಅಡ್ಡಲಾಗಿ ಮೋಟಾಗಿ ಓಡುತ್ತದೆ, ಆದ್ದರಿಂದ ಮುರಿದರೆ ಅಲ್ಲೇ. ಬರೀ ಅಂಟಿಸಿದರೆ ಕೂದಲಿನ ಎಳೆತ ತಾಳದು. ಅಂಟಿಸಿದ ಮೇಲೆ ತಲೆಯ ಹಿಂಬದಿಯಿಂದ ತೆಳುವಾದ ಸೀಳು ಕೊಯ್ದು, ನಾರು ಬೇರೆ ದಿಕ್ಕಿಗೆ ಓಡುವ ಮರದ ಹಲಗೆಯೊಂದನ್ನು ಅದರೊಳಗೆ ಕೂರಿಸಿ ಕೋಲಿಗೆ ಸಮನಾಗಿ ಹೆರೆಯಬೇಕು. ಹೀಗೆ ಮಾಡಿದ ಕಮಾನು ಎಷ್ಟೋ ವರ್ಷ ನುಡಿಯುತ್ತದೆ. ಮಾರುಕಟ್ಟೆಯಲ್ಲಿ ಅದರ ಬೆಲೆ ಇಳಿಯುತ್ತದೆ, ನಿಜ. ನುಡಿಸುವವರಿಗೆ ಅದರಿಂದ ಏನಾಗಬೇಕು?

ಉಳಿದವು ಸಣ್ಣವು. ಸವೆದ ಹಿತ್ತಾಳೆ ಕಣ್ಣು ಬದಲಿಸುವುದು, ಹೆಬ್ಬೆರಳ ತೊಗಲು ಸುತ್ತುವುದು, ಬೆವರು ತಿಂದ ಕೋಲಿನ ಬದಿಗೆ ಮರ ತುಂಬುವುದು, ಬೆಳ್ಳಿ ತಂತಿ ಸುತ್ತುವುದು. ತಂತಿಯ ತೂಕ ಬದಲಾದರೆ ಸಮತೋಲದ ಬಿಂದು ಸರಿಯುತ್ತದೆ ಎಂಬುದನ್ನು ಮರೆಯಬಾರದು. ಹಳೆಯ ಕಮಾನುಗಳ ತಲೆಯ ಮೇಲಿನ ತೆಳು ಹಲಗೆ ದಂತದ್ದಾಗಿರುತ್ತಿತ್ತು. ಈಗ ದಂತದ ವ್ಯಾಪಾರಕ್ಕೆ ಕಾನೂನಿನ ನಿಷೇಧವಿದೆ, ಎಮ್ಮೆಯ ಮೂಳೆ ಅಥವಾ ಬೆಳ್ಳಿ ಧಾರಾಳವಾಗಿ ಸಾಕು.

ರಿಪೇರಿ ಎಂದರೇನು, ಜೀರ್ಣೋದ್ಧಾರ ಎಂದರೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹೊಯ್ಸಳರ ನಾಡಿನವರಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವನ ಗುಡಿಗೆ ಇಂದು ಶಿಖರವಿಲ್ಲ. ಕೆಳಗಿನ ಗೋಡೆಗಳನ್ನು ಕಾಯಲೆಂದು ಅದನ್ನು ಹಿಂದೆಯೇ ಇಳಿಸಿದರು. ಕಲ್ಪನೆಯಿಂದ ಹೊಸ ಶಿಖರ ಏರಿಸದೆ ಇದ್ದದ್ದೇ ಒಳ್ಳೆಯದಾಯಿತು. ಹಳೇಬೀಡಿನಲ್ಲಿ ಬಿಡಿಬಿಡಿಯಾಗಿ ಸಿಕ್ಕ ಶಿಲ್ಪಗಳನ್ನು ಗುಡಿಯ ಆವರಣದ ಸಂಗ್ರಹಾಲಯದಲ್ಲಿ ಹಾಗೇ ಇಟ್ಟಿದ್ದಾರೆ. ಈ ಗುಡಿಗಳು 2023ರಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿ ಸೇರಿದ್ದಕ್ಕೆ ಕೆತ್ತನೆಯಷ್ಟೇ ಆ ಸಂಯಮವೂ ಕಾರಣ ಎಂದು ನನಗನ್ನಿಸುತ್ತದೆ. ಕಮಾನಿಗೂ ಅದೇ ನ್ಯಾಯ. ಹಳೆಯ ಕೋಲಿಗೆ ಹೊಸ ವಾರ್ನಿಷ್ ಬಳಿದು ಮಿರುಗಿಸುವವರು ಅದನ್ನು ಕೆಡಿಸುತ್ತಾರೆ. ಸ್ಪಿರಿಟ್ಟಿನಲ್ಲಿ ರಾಳ ಒರೆಸುವವರು ಹಳೆಯ ಮೆರುಗನ್ನು ಕರಗಿಸುತ್ತಾರೆ. ಬುಡದಲ್ಲಿ ಮಾಡಿದವರ ಮುದ್ರೆ ಇದ್ದರೆ ಅದರ ಮೇಲೆ ಉಪ್ಪುಕಾಗದ ಆಡಿಸುವುದು ಅಪರಾಧವೇ ಸರಿ. ಎಷ್ಟು ಬೇಕೋ ಅಷ್ಟೇ ಮುಟ್ಟಬೇಕು.

ಇಷ್ಟು ಜೋಪಾನ ಏಕೆ ಎಂದರೆ ಹಳೆಯ ಒಳ್ಳೆಯ ಕಮಾನುಗಳ ಮರ ಸುಲಭಕ್ಕೆ ಮತ್ತೆ ಸಿಗುವುದಿಲ್ಲ. ಪೆರ್ನಾಂಬುಕೋ ಬ್ರೆಜಿಲ್ಲಿನ ಕರಾವಳಿ ಕಾಡಿನ ಮರ, ಆ ದೇಶಕ್ಕೆ ಹೆಸರು ಬಂದದ್ದೇ ಅದರಿಂದ. ಶತಮಾನಗಳ ಕಾಲ ಬಟ್ಟೆಯ ಕೆಂಪು ಬಣ್ಣಕ್ಕಾಗಿ ಕಡಿದರು, ಆಮೇಲೆ ಕಾಡೇ ಹೋಯಿತು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ 2007ರಲ್ಲಿ ಅದು ಸೇರಿತು, 2022ರಲ್ಲಿ ಪನಾಮಾದ ಸಭೆಯಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಅಜ್ಜನ ಕಾಲದ ಕಮಾನೊಂದು ಪೆರ್ನಾಂಬುಕೋ ಆಗಿದ್ದರೆ ಅದನ್ನು ಎಸೆಯುವುದೆಂದರೆ ಸುಲಭಕ್ಕೆ ಮತ್ತೆ ಸಿಗದ ಮರವೊಂದನ್ನು ಎಸೆದಂತೆ. ಅದರ ಹತ್ತಿರದ ನಂಟು ನಮ್ಮಲ್ಲಿದೆ. ಪತಂಗ ಅಥವಾ ಸಪ್ಪಂಗ ಎನ್ನುವ ಮರ ಅದು. ಕೇರಳದ ಹೋಟೆಲುಗಳಲ್ಲಿ ಕೊಡುವ ಕೆಂಪು ಬಿಸಿನೀರಿಗೆ ಅದರದೇ ಚಕ್ಕೆ. ಆದರೆ ಅದು ಗಿಡ್ಡ ಜಾತಿ, ನೇರವಾದ ಕೋಲು ಹೊರಡುವುದು ಕಷ್ಟ. ನನ್ನ ಕಣ್ಣು ಇರುವುದು ತಡಸಲಿನ ಮೇಲೆ. ಗುದ್ದಲಿ ಕೊಡಲಿಗಳ ಕಾವಿಗೆ ನಮ್ಮ ರೈತರು ಹುಡುಕುವ, ಬಾಗಿದರೂ ಮುರಿಯದ ಮರ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ತಡಸಲು, ಕಗ್ಗಲಿಯಂಥ ಮರಗಳನ್ನು ಕಮಾನಿನ ಅಳತೆಗೆ ಹೆರೆದು, ಅವುಗಳ ಬಿಗುವು ತೂಕಗಳನ್ನು ಅಳೆದು ನೋಡಲು ಅದಕ್ಕಿಂತ ತಕ್ಕ ಜಾಗ ಬೇರೆ ಇಲ್ಲ.

ಕಾರ್ಬನ್ ಫೈಬರ್ ಕಮಾನುಗಳು ಬಂದಿವೆಯಲ್ಲ ಎಂದು ಕೇಳುವವರಿದ್ದಾರೆ. ಒಳ್ಳೆಯವು ಇವೆ, ಮಳೆಗಾಲದ ಬೇಲೂರಿಗೆ ಹೇಳಿಮಾಡಿಸಿದಂತಿವೆ, ಕಲಿಯುವ ಮಕ್ಕಳಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದಕ್ಕೂ ಹಾಕುವುದು ಕುದುರೆ ಕೂದಲನ್ನೇ, ಅದಕ್ಕೂ ಬೆಣೆ ಬೇಕು. ಕೂದಲು ಹಾಕುವ ಕೈ ಇಲ್ಲದ ಊರಿನಲ್ಲಿ ಕಾರ್ಬನ್ ಫೈಬರೂ ವರ್ಷದಲ್ಲಿ ಅಟ್ಟ ಸೇರುತ್ತದೆ.

ಹಾಗಾದರೆ ಕೈ ಎಲ್ಲಿಂದ ಬರಬೇಕು? ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುತ್ತಾರೆ. ಗಡಿಯಾಚೆಯ ಮಿರಜದಲ್ಲಿ ತಂಬೂರಿ, ಸಿತಾರ್ ಮಾಡುತ್ತಾರೆ. ಪಿಟೀಲಿಗೆ ಉತ್ತರ ಪ್ರದೇಶದ ರಾಂಪುರವಿದೆ. ಕಮಾನಿನ ಊರು ಎಂದು ನಮ್ಮಲ್ಲಿ ಯಾವುದೂ ಇಲ್ಲ. ಆದರೆ ಕಮಾನು ಬೇಡುವ ಕೌಶಲಗಳು ಬಿಡಿಬಿಡಿಯಾಗಿ ಇಲ್ಲಿವೆ. ಬೀಟೆ ಮರದಲ್ಲಿ ಕೂದಲೆಳೆಯಷ್ಟು ಅಂತರವಿಲ್ಲದೆ ತುಂಡು ಕೂರಿಸುವ ಮೈಸೂರಿನ ಕುಸುರಿಯವರಿಗೆ ಫ್ರಾಗಿನ ಮುತ್ತುಚಿಪ್ಪಿನ ಕಣ್ಣು ಕೂರಿಸುವುದು, ತಲೆಯ ಹಲಗೆ ಅಂಟಿಸುವುದು ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಮೆದು, ನಯವಾದ ನಾರಿನದು. ಬೆಣೆಗೆ ಅದನ್ನೇ ಬಳಸಿ ನೋಡಬಹುದು. ಕುದುರೆಗಳ ವಿಷಯಕ್ಕೆ ಬಂದರೆ ಹಾಸನದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಕುಣಿಗಲ್ಲಿನ ಕುದುರೆ ಫಾರಂ ಸಿಗುತ್ತದೆ. ಕುದುರೆ ಇದ್ದ ಮಾತ್ರಕ್ಕೆ ಕಮಾನಿನ ಕೂದಲು ಸಿಗುವುದಿಲ್ಲ. ಬಿಳಿಯದು, ನೇರವಾದದ್ದು, ಗಂಟಿಲ್ಲದ್ದನ್ನು ಎಳೆ ಎಳೆಯಾಗಿ ಆರಿಸಬೇಕು. ಮಂಗೋಲಿಯ, ಸೈಬೀರಿಯದ ಕೂದಲಿಗೆ ಬೆಲೆ ಬಂದದ್ದು ಚಳಿನಾಡಿನ ಕುದುರೆಯಿಂದ ಎಷ್ಟೋ, ಆರಿಸುವ ಕೈಯಿಂದಲೂ ಅಷ್ಟೇ. ಅದನ್ನು ಸದ್ಯಕ್ಕೆ ತರಿಸಿಕೊಳ್ಳುವುದೇ ಸರಿ.

ಕೊರತೆ ಇರುವುದು ಈ ಕೌಶಲಗಳನ್ನು ಒಂದು ಮೇಜಿನ ಮೇಲೆ ತರುವ ಏರ್ಪಾಡಿಗೆ. ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಒಂದು ಸಣ್ಣ ಕಮಾನು ಕಾರ್ಯಾಗಾರ ಕಷ್ಟವಲ್ಲ. ಹಾಸನ ಜಿಲ್ಲೆಯಿಂದ ಇಬ್ಬರು ಮರಗೆಲಸದ ಹುಡುಗರೋ ಹುಡುಗಿಯರೋ ಅಲ್ಲಿ ಕೂದಲು ಹಾಕುವುದನ್ನು ಮತ್ತು ಕಣ್ಣು ಬದಲಿಸುವುದನ್ನು ಕಲಿತು ಬಂದರೆ ಈ ಸೀಮೆಗೆ ಸಾಕು. ಬಾಗು ತಿದ್ದುವುದು, ತಲೆ ಜೋಡಿಸುವುದು ಮುಂದಿನ ಮೆಟ್ಟಿಲು. ಜೂನಿಯರ್, ಸೀನಿಯರ್ ಪರೀಕ್ಷೆಗೆ ಮಕ್ಕಳನ್ನು ಅಣಿಗೊಳಿಸುವ ಗುರುಗಳು ಸರಳೆ ವರಸೆಯ ಜೊತೆಗೆ ಕಮಾನು ಸಡಿಲಿಸುವುದನ್ನೂ ಮೊದಲ ದಿನವೇ ಕಲಿಸಲಿ.

ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಹಳೆಯ ಪಿಟೀಲು ಪೆಟ್ಟಿಗೆ ಇದ್ದರೆ ಈ ಭಾನುವಾರ ತೆರೆದು ನೋಡಿ. ಕಮಾನು ಬಿಗಿಯಾಗಿದ್ದರೆ ಸ್ಕ್ರೂ ನಾಲ್ಕು ಸುತ್ತು ಸಡಿಲಿಸಿ. ಹುಳ ಬಿದ್ದಿದ್ದರೆ ಪೆಟ್ಟಿಗೆಯನ್ನು ಬಿಸಿಲಿಗಿಡಿ, ಕಮಾನನ್ನು ಬಿಸಿಲಿಗಿಡಬೇಡಿ. ತಲೆ ಮುರಿದಿದ್ದರೆ ನೀವೇ ಅಂಟು ಹಾಕಬೇಡಿ. ಮುರಿದ ಚೂರನ್ನು ಕಾಗದದಲ್ಲಿ ಸುತ್ತಿ, ದಾರದಿಂದ ಆ ಕಮಾನಿಗೇ ಕಟ್ಟಿಡಿ. ಆ ಚೂರು ಇದ್ದರೆ ಜೋಡಿಸಬಹುದು, ಕಳೆದರೆ ಬರುವುದಿಲ್ಲ.